ಕಿರುಬೆರಳಿನ ಜಾಗ

೪ ಮಾರ್ಚ್

ಅಕ್ಕ,

ಬಂದು ತಲುಪಿದೆ. ಫೋನಿನಲ್ಲಿ ಆ ಮನುಷ್ಯನ ಸುದ್ದಿ ಎತ್ತಿದರೆ ಅರ್ಧದಲ್ಲೇ ಇಟ್ಟುಬಿಡುತ್ತೇನೆ ಎಂದಿದ್ದೀಯಲ್ಲ, ಅದಕ್ಕೇ ಈ ಪತ್ರ. ಇದನ್ನು ಹರಿದು ಹಾಕಬಹುದು, ಆದರೆ ಓದದೆ ಹರಿಯುವವಳು ನೀನಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ನಾಲ್ಕೇ ದಿನದಲ್ಲಿ ಹೊರಟವಳ ಪೆಟ್ಟಿಗೆ ಹೇಗಿರುತ್ತದೋ ನನ್ನದೂ ಹಾಗೇ ಇದೆ. ಮೂರು ಟವೆಲು ಬಂದಿವೆ, ಬಾಚಣಿಗೆ ಬಂದಿಲ್ಲ. ಔಷಧದ ಅಂಗಡಿಯ ಯಜಮಾನರು ಒಂದೂವರೆ ತಿಂಗಳು ರಜೆ ಕೊಟ್ಟಿದ್ದೇ ದೊಡ್ಡದು. ಇನ್ನೂ ಕೋಪವೇ? ನಿನ್ನ ಟೈಪಿಂಗ್ ಶಾಲೆಗೆ ಫೋನು ಬಂದಾಗ ನೀನು ಪಾಠದಲ್ಲಿದ್ದೆ, ಎತ್ತಿದವಳು ನಾನು. ಆಸ್ಪತ್ರೆಯ ದುಭಾಷಿ, "ನಿಮ್ಮ ತಂದೆಗೆ ಕಣ್ಣಿನ ಆಪರೇಷನ್. ನೋಡ್ಕೊಳ್ಳೋಕೆ ಯಾರೂ ಇಲ್ಲ. ಮಗಳು ಬರ್ತಾಳಾ ಅಂತ ಕೇಳ್ತಿದಾರೆ" ಅಂದಳು. "ಬರ್ತಾಳೆ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಇಪ್ಪತ್ತೈದು ವರ್ಷದಲ್ಲಿ ಒಂದು ದಿನವೂ ನೆನೆಯದ ಅಪ್ಪ ಮಗಳನ್ನು ಕೇಳಿದರು ಎಂದರೆ, ಇಲ್ಲ ಎನ್ನುವುದು ಹೇಗೆ?

ಅವರ ಕಣ್ಣಿನ ಒಳಪದರ ಕಳಚಿಕೊಂಡಿತ್ತಂತೆ. ಅದನ್ನು ಕೂಡಿಸಿ ಕಣ್ಣೊಳಗೆ ಒಂದು ಗುಳ್ಳೆ ಗಾಳಿ ತುಂಬಿದ್ದಾರೆ. ಆ ಗುಳ್ಳೆ ಮೇಲಕ್ಕೇರಿ ಪದರವನ್ನು ಒತ್ತಿ ಹಿಡಿಯಬೇಕು, ಅದಕ್ಕಾಗಿ ಮುಖ ಸದಾ ನೆಲದ ಕಡೆಗೇ ಇರಬೇಕು. ಎರಡು ವಾರ. ಕೂತರೂ, ನಡೆದರೂ, ಉಂಡರೂ, ಮಲಗಿದರೂ ತಲೆ ಎತ್ತುವ ಹಾಗಿಲ್ಲ. ಇನ್ನೊಂದು ಕಣ್ಣು ಮೊದಲೇ ಮಂದ.

ಹಾಗಾಗಿ ಇಷ್ಟು ವರ್ಷದ ಮೇಲೆ ನಾನು ನೋಡಿದ್ದು ಅಪ್ಪನ ನೆತ್ತಿಯನ್ನು, ಅವರು ನೋಡಿದ್ದು ನನ್ನ ಕಾಲನ್ನು. ಕೆಳಗೆ ಅವರ ಶೂ ಅಂಗಡಿ, ಮೇಲೆ ಒಂದೇ ಕೋಣೆ. ಮನೆಯೊಡತಿ ನನ್ನನ್ನು ಮೆಟ್ಟಿಲು ಹತ್ತಿಸಿ, ನನಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿ ಹೋದಳು. ಅಪ್ಪ ಕುರ್ಚಿಯಲ್ಲಿ ಬಗ್ಗಿ, ಹಣೆಯನ್ನು ಮೇಜಿನ ದಿಂಬಿಗೆ ಒರಗಿಸಿ ಕೂತಿದ್ದರು. ಹತ್ತಿರ ಹೋಗಿ ನಿಂತೆ. ಅವರು ಕೈ ಚಾಚಿ ನನ್ನ ಶೂವಿನ ಮೂತಿ ಮುಟ್ಟಿದರು. ಬಿದ್ದದ್ದೇನನ್ನೋ ಹುಡುಕುತ್ತಿದ್ದಾರೆ ಅಂದುಕೊಂಡೆ.

"ನೀನೇ ಬಂದ್ಯಾ?" ಅಂದರು. "ಬರಲ್ಲ ಅನ್ಕೊಂಡಿದ್ದೆ, ಕೂಸೇ."

ನಾನು ಯಾರೆಂದು ಹೇಳಬೇಕಾಗಿಯೇ ಬರಲಿಲ್ಲ, ಅಕ್ಕ. ದಾರಿಯುದ್ದಕ್ಕೂ ಅದನ್ನೇ ಉರು ಹೊಡೆದುಕೊಂಡು ಬಂದಿದ್ದೆ. ಅವರು ಬಗ್ಗಿದ್ದೇ ಒಳ್ಳೆಯದಾಯಿತು, ನಾನು ಅತ್ತದ್ದು ಕಾಣಲಿಲ್ಲ.

ವಿಮಾನ ಇಳಿದು ನಡೆದೂ ನಡೆದೂ ಬಲಗಾಲಿನ ಶೂವಿನಲ್ಲಿ ಕಿರುಬೆರಳ ಹತ್ತಿರ ತುರುಕಿದ್ದ ಹತ್ತಿ ಮುದ್ದೆಯಾಗಿದೆ. ಬೇರೆ ಹತ್ತಿ ಇಟ್ಟುಕೊಳ್ಳಬೇಕು. ನೀನು ಶೂ ತರುವ ಆ ಅಂಗಡಿಯವನಿಗೆ ನನ್ನ ಕಾಲು ಯಾವ ಜನ್ಮದಲ್ಲಿ ಅರ್ಥವಾಗುತ್ತದೋ!

ನಿನ್ನ,
ಚಿಕ್ಕಿ


೫ ಮಾರ್ಚ್

ಚಿಕ್ಕಿ,

ಟೈಪು ಮಾಡಿದ ಪತ್ರ ನೋಡಿ ಮುಖ ಊದಿಸಿಕೊಳ್ಳಬೇಡ. ಕೈಯಲ್ಲಿ ಬರೆಯುವಷ್ಟು ಸಮಾಧಾನ ನನಗಿಲ್ಲ. ಪಾಠ ಮುಗಿದಿದೆ, ಹನ್ನೊಂದು ಯಂತ್ರಗಳಿಗೂ ಮುಸುಕು ಹಾಕಿದ್ದೇನೆ, ಇದೊಂದು ಬಿಟ್ಟು.

ನಿನ್ನನ್ನು ಕಳಿಸಲು ಬಸ್ಸಿನವರೆಗೂ ಬರಲಿಲ್ಲ ಎಂದು ನೊಂದುಕೊಂಡೆಯೇನೋ. ಬಂದಿದ್ದರೆ ಕೈ ಹಿಡಿದು ಎಳೆದುಕೊಂಡು ವಾಪಸು ಬರುತ್ತಿದ್ದೆ. ಎರಡು ವರ್ಷ ದುಡಿದು ಬರುತ್ತೇನೆಂದು ಹೋದವರು ಅಮ್ಮ ಸತ್ತಾಗಲೂ ಬರಲಿಲ್ಲ. ಅಂಥವರಿಗೆ ಕಣ್ಣು ನೋವೆಂದ ಕೂಡಲೇ ನೀನು ಎದ್ದುಬಿದ್ದು ಓಡಿದೆ.

ಹೋಗಿದ್ದೀಯ, ಹೋದ ಕೆಲಸ ಮುಗಿಸು. ಔಷಧದ ಹೊತ್ತು ತಪ್ಪಿಸಬೇಡ. ಹಳೆಯ ಮಾತು ಕೆದಕಬೇಡ. ನನ್ನ ವಿಷಯ ಅವರು ಕೇಳಿದರೆ ಏನೂ ಹೇಳಬೇಡ. ಇದ್ದೀನಿ ಅಂತಲೂ ಹೇಳಬೇಡ.

ಬಚ್ಚಲ ನಲ್ಲಿ ಮತ್ತೆ ಸೋರುತ್ತಿದೆ. ನೀನು ಅದನ್ನು ಹೇಗೋ ತಿರುಚಿ ನಿಲ್ಲಿಸುತ್ತಿದ್ದೆ, ಆ ಉಪಾಯ ನನಗೆ ಬರುವುದಿಲ್ಲ. ಬಕೆಟು ಇಟ್ಟಿದ್ದೇನೆ.

ಅಕ್ಕ


೯ ಮಾರ್ಚ್

ಅಕ್ಕ,

ನಿನ್ನ ಪತ್ರ ಇನ್ನೂ ಬಂದಿಲ್ಲ. ಬರೆದಿದ್ದೀಯ ಎಂದೇ ಅಂದುಕೊಂಡಿದ್ದೇನೆ.

ನಮ್ಮ ದಿನಚರಿ ಕೇಳು. ಬೆಳಿಗ್ಗೆ ಚಹಾ ಮಾಡಿ ಮೋಟು ಸ್ಟೂಲಿನ ಮೇಲಿಟ್ಟು, ಲೋಟಕ್ಕೆ ಕೊಳವೆ ಹಾಕಿ ಕೊಡುತ್ತೇನೆ. ಬಗ್ಗಿಕೊಂಡೇ ಹೀರುತ್ತಾರೆ. "ಅರವತ್ತೈದಕ್ಕೆ ಮಗು ಆಗ್ಬಿಟ್ಟೆ ನೋಡು" ಅನ್ನುತ್ತಾರೆ. ಬ್ರೆಡ್ಡನ್ನು ತುಂಡು ಮಾಡಿ ಕೈಗೆ ಕೊಡಬೇಕು. ಹನಿ ಹಾಕುವಾಗ ಮಾತ್ರ ಒಂದು ನಿಮಿಷ ಮುಖ ಪಕ್ಕಕ್ಕೆ ತಿರುಗಿಸುತ್ತಾರೆ. ಗುಳ್ಳೆ ಅಡ್ಡ ಇರುವುದರಿಂದ ನಾನು ನೀರಿನೊಳಗೆ ನಿಂತಿರುವ ಯಾರೋ ಒಬ್ಬಳಂತೆ ಕಾಣುತ್ತೇನಂತೆ. ಸಂಜೆ ಕೈ ಹಿಡಿದು ಓಣಿಯ ತುದಿಯವರೆಗೆ ನಡೆಸುತ್ತೇನೆ. ಎದುರು ಬಂದವರ ಶೂ ನೋಡಿ, ಇವರು ಬೇಕರಿಯವರು, ಇವಳು ಮೂರನೇ ಮನೆಯ ಟೀಚರು ಎಂದು ಹೇಳುತ್ತಾರೆ. ಒಂದು ಸಲವೂ ತಪ್ಪಿಲ್ಲ. "ಮುಖ ಸುಳ್ಳು ಹೇಳುತ್ತೆ, ಹಿಮ್ಮಡಿ ಹೇಳಲ್ಲ" ಎಂದು ಒಣ ಜಂಬ ಬೇರೆ.

ಇಲ್ಲಿ ನನ್ನೊಡನೆ ಮಾತಾಡುವವರು ಅವರೊಬ್ಬರೇ. ಮನೆಯೊಡತಿ ಮೆಟ್ಟಿಲಲ್ಲಿ ಸಿಕ್ಕರೆ ನಾವಿಬ್ಬರೂ ಹಲ್ಲು ಕಿರಿಯುತ್ತೇವೆ, ಅಷ್ಟೇ. ಆ ಆಸ್ಪತ್ರೆಯ ದುಭಾಷಿಯನ್ನು ಬಿಟ್ಟರೆ ಅಪ್ಪನಿಗೂ ನಮ್ಮ ಮಾತಾಡುವವರು ಇಷ್ಟು ವರ್ಷ ಸಿಕ್ಕಿಲ್ಲ. ಕೆಲವು ಮಾತು ಮರೆತೇಹೋಗಿವೆ. ಮೊನ್ನೆ "ದಿಂಬು" ಅನ್ನಲು ಹೊರಟು ನೆನಪಾಗದೆ ಕೈಯಲ್ಲಿ ತಟ್ಟಿ ತೋರಿಸಿದರು. ನಾನು ಹೇಳಿಕೊಟ್ಟ ಮೇಲೆ ನಾಲ್ಕು ಸಲ ಅದನ್ನೇ ಅಂದರು.

ಒಂದು ತಮಾಷೆ. ಅವರು ಹೊರಟ ದಿನ ನಾನು ಬಸ್ಸಿನ ಹಿಂದೆ ಓಡಿದ್ದೆನಂತೆ! "ಚಪ್ಪಲಿ ಕಿತ್ತುಹೋಯ್ತು ನಿಂದು, ಕೈಯಲ್ಲಿ ಹಿಡ್ಕೊಂಡು ಓಡ್ತಿದ್ದೆ. ನಾನು ಹಿಂದಿನ ಸೀಟಿಂದ ನೋಡ್ತಾನೇ ಇದ್ದೆ" ಅಂದರು. ಮೂರು ವರ್ಷದ ಕೂಸು ಬಸ್ಸಿನ ಹಿಂದೆ ಓಡುತ್ತದೆಯೇ? ಅಪ್ಪನಿಗೆ ವಯಸ್ಸಿನ ಲೆಕ್ಕ ತಪ್ಪಿದೆ. ಆದರೂ "ಹ್ಞೂಂ, ನೆನಪಿದೆ" ಅಂದುಬಿಟ್ಟೆ. ನನ್ನ ಬಗ್ಗೆ ಯಾರಾದರೂ ಅಷ್ಟು ನೆನಪಿಟ್ಟುಕೊಂಡಿರುವಾಗ, ಅಲ್ಲ ಅನ್ನಲು ಮನಸ್ಸಾಗುವುದಿಲ್ಲ.

ನೀನೂ ಬಂದಿದ್ದರೆ ಅನ್ನಿಸುತ್ತದೆ. ಬೈಯಬೇಡ.

ಚಿಕ್ಕಿ


೧೧ ಮಾರ್ಚ್

ಚಿಕ್ಕಿ,

ನಿನ್ನ ನಾಲ್ಕನೇ ತಾರೀಖಿನ ಪತ್ರ ಬಂತು. ಹರಿದಿಲ್ಲ.

ಯಾವ ಶೂ ಹಾಕಿಕೊಂಡು ಹೋಗಿದ್ದೀಯ? ಕಂದು ಬಣ್ಣದ, ಲೇಸು ಕಟ್ಟುವುದೇ? ಅದು ಹಳೆಯದಾಯಿತು. ಅಲ್ಲೇ ಯಾವುದಾದರೂ ಅಂಗಡಿಯಲ್ಲಿ ಬೇರೆ ಕೊಂಡುಕೋ. ಮನೆಯೊಳಗೆ ಶೂ ಯಾಕೆ, ಬರಿಗಾಲಲ್ಲಿ ಓಡಾಡು. ಪರದೇಶದ ಚಳಿ ಎಂದು ನೆಪ ಹೇಳಬೇಡ.

"ನೀನೇ ಬಂದ್ಯಾ" ಅಂದರಲ್ಲ, ಆಮೇಲೆ ಇನ್ನೇನಾದರೂ ಅಂದರೇ? ಸರಿಯಾಗಿ ನೆನಪು ಮಾಡಿಕೊಂಡು ಬರೆ.

ಈವತ್ತು ಪಾಠದಲ್ಲಿ ನಾನೇ ತಪ್ಪು ಟೈಪು ಮಾಡಿದೆ. ಹುಡುಗಿಯರು ಮುಸಿಮುಸಿ ನಕ್ಕರು.

ಅಕ್ಕ


೧೬ ಮಾರ್ಚ್

ಅಕ್ಕ,

ಡಾಕ್ಟರು ಇನ್ನೊಂದು ವಾರ ತಲೆ ತಗ್ಗಿಸಿರಿ ಎಂದಿದ್ದಾರೆ. ೨೪ರವರೆಗೆ.

ನೀನು ಟೈಪು ಮಾಡಿದ ಪತ್ರ ಸಿಕ್ಕಿತು. ಇದ್ದೀನಿ ಅಂತಲೂ ಹೇಳಬೇಡ ಎಂದಿದ್ದೆ. ಹೇಳುವ ಅಗತ್ಯವೇ ಬೀಳಲಿಲ್ಲ. ಯಾಕೆ ಎಂದು ಕೇಳು.

ನಿನ್ನೆ ಅಪ್ಪ ಅಂಗಡಿಯಿಂದ ಒಂದು ತಗಡಿನ ಡಬ್ಬಿ ತರಿಸಿದರು. ಅದರಲ್ಲಿ ಮಡಿಸಿ ಮಡಿಸಿ ಸವೆದ ಒಂದು ಕಾಗದ. ಅದರ ಮೇಲೆ ಮಗುವಿನ ಎರಡು ಪಾದಗಳ ಗೆರೆ. ಅದರ ಸುತ್ತ ಸ್ವಲ್ಪ ದೊಡ್ಡದಾಗಿ ಇನ್ನೊಂದು ಗೆರೆ, ಅದರಾಚೆ ಮತ್ತೊಂದು. "ಹೊರಡೋ ಹಿಂದಿನ ದಿನ ಎಳ್ಕೊಂಡಿದ್ದು. ಆಮೇಲೆ ವರ್ಷ ವರ್ಷ ಅಂದಾಜಲ್ಲಿ ಬೆಳಸ್ತಾ ಹೋದೆ" ಅಂದರು. ಬಲಗಾಲಿನ ಕಿರುಬೆರಳಿನ ಹತ್ತಿರ ಗೆರೆ ಉಬ್ಬಿದೆ. "ಈ ಗಂಟೊಂದು ಮಾತ್ರ ಮರೀಲಿಲ್ಲ. ಜಾಗ ಬಿಟ್ಟೇ ಹೊಲೀತಿದ್ದೆ. ಈಗ್ಲೂ ನೋವು ಬರುತ್ತಾ?"

ನನ್ನ ಕಿರುಬೆರಳಿಗೆ ಗಂಟಿಲ್ಲ. ಗಂಟು ಯಾರಿಗಿದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಡಬ್ಬಿಯಲ್ಲಿ ಇನ್ನೊಂದು ಕಾಗದ ಇದೆಯೇನೋ ಎಂದು ತಳದವರೆಗೂ ಕೈಯಾಡಿಸಿದೆ. ಇರಲಿಲ್ಲ. ಆಗಲೇ ಅವರು ಕೇಳಿದ್ದು: "ಚಿಕ್ಕವಳು ಹೇಗಿದಾಳೆ?"

"ಚೆನ್ನಾಗಿದಾಳೆ" ಅಂದೆ.

"ಅವಳಿಗೆ ನನ್ನ ನೆನಪಿದೆಯಾ?"

"ಇಲ್ಲ" ಅಂದೆ. ಅದೊಂದು ನಿಜವೇ.

ಒಂದು ಪ್ರಶ್ನೆ, ಅಕ್ಕ. ನಾನು ಹಾಕಿಕೊಂಡಿರುವ ಶೂ ಯಾವ ಅಂಗಡಿಯದು?

ಚಿಕ್ಕಿ


೧೬ ಮಾರ್ಚ್

ಚಿಕ್ಕಿ,

ಬಸ್ಸಿನ ಹಿಂದೆ ಓಡಿದವಳು ನೀನಲ್ಲ. ನಾನು. ನಿನ್ನ ೯ನೇ ತಾರೀಖಿನ ಪತ್ರ ನಿನ್ನೆ ಕೈಗೆ ಬಂದಾಗಿನಿಂದ ಇದನ್ನು ಹೇಗೆ ಬರೆಯುವುದೆಂದು ಯಂತ್ರದ ಮುಂದೆ ಕೂತಿದ್ದೇನೆ. ನಿನಗೆ ತಿಳಿಯುವ ಮೊದಲು ನಾನೇ ಹೇಳಬೇಕು.

ಶೂ ಯಾವ ಅಂಗಡಿಯದೂ ಅಲ್ಲ. ಅವರು ಹೊಲಿದು ಕಳಿಸುತ್ತಿದ್ದದ್ದು. ಹೋದ ಎರಡನೇ ವರ್ಷದಿಂದ ಪಾರ್ಸೆಲ್ಲು ಬರುತ್ತಿತ್ತು, ಮೊದಲು ಮನೆಗೆ, ಆಮೇಲೆ ಶಾಲೆಯ ವಿಳಾಸಕ್ಕೆ. ಒಟ್ಟು ಹನ್ನೆರಡು ಜೊತೆ. ಎಲ್ಲವೂ ನನ್ನ ಅಳತೆಯವು. ನಾನು ಒಂದನ್ನೂ ಕಾಲಿಗೆ ಹಾಕಲಿಲ್ಲ. ಬಿಸಾಡಲೂ ಆಗಲಿಲ್ಲ, ಅಷ್ಟು ಚೆನ್ನಾಗಿದ್ದವು, ನಮಗೆ ಅಷ್ಟು ಕಷ್ಟವಿತ್ತು. ಪೆಟ್ಟಿಗೆಯಲ್ಲಿಟ್ಟು, ನಿನ್ನ ಕಾಲು ಬೆಳೆದ ಮೇಲೆ ಒಂದೊಂದೇ ತೆಗೆದುಕೊಟ್ಟೆ. ಪರಿಚಯದ ಅಂಗಡಿಯವನು ಎಂದೆ. ಸಡಿಲವಾದಲ್ಲಿ ಹತ್ತಿ ತುರುಕಲು ಹೇಳಿಕೊಟ್ಟೆ. ಅವರು ಒಂದು ದಿನವೂ ನಮ್ಮನ್ನು ನೆನೆಯಲಿಲ್ಲ ಎಂದು ನಿನಗೆ ಹೇಳಿಕೊಂಡು ಬಂದದ್ದು ಸುಳ್ಳು.

ಇನ್ನೂ ಇದೆ. ಅಮ್ಮ ಸತ್ತಾಗ ಅವರು ಹೊರಟು ನಿಂತಿದ್ದರು. ಬರುತ್ತೇನೆಂದು ತಂತಿ ಕೊಟ್ಟಿದ್ದರು. ಬರಬೇಡಿ, ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಉತ್ತರ ಕೊಟ್ಟವಳು ನಾನು. ಹದಿನಾರು ವರ್ಷ ನನಗೆ. ಅಮ್ಮ ಕಾಯಿಲೆ ಬಿದ್ದ ಹತ್ತು ತಿಂಗಳು ಬಾರದವರು ಈಗ ಯಾಕೆ ಎಂದು ಉರಿ ಎದ್ದಿತ್ತು. ಆ ಉತ್ತರ ಹಾಕಿ ಬಂದ ಮೇಲೂ ಒಂದು ತಿಂಗಳು, ಬಾಗಿಲು ಸದ್ದಾದಾಗಲೆಲ್ಲ ಓಡಿಹೋಗಿ ನೋಡುತ್ತಿದ್ದೆ. ಅವರು ಬರಲಿಲ್ಲ. ಅದಕ್ಕೂ ಅವರ ಮೇಲೆಯೇ ಕೋಪ ಮಾಡಿಕೊಂಡೆ.

ಅವರು ನಿನ್ನನ್ನು ನಾನು ಅಂದುಕೊಂಡಿದ್ದಾರೆ. ತಲೆ ಎತ್ತುವ ಮೊದಲೇ ಹೇಳಿಬಿಡು. ನನ್ನ ಪಾಲಿನದನ್ನು ನೀನು ಹೊರಬೇಡ.

ನಲ್ಲಿಯ ಕೆಳಗಿನ ಬಕೆಟು ದಿನಕ್ಕೆ ಎರಡು ಸಲ ತುಂಬುತ್ತದೆ.

ಅಕ್ಕ


೨೨ ಮಾರ್ಚ್

ಅಕ್ಕ,

ನಿನ್ನ ಪತ್ರ ಬಂತು. ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿವೆ, ಒಂದೇ ತಾರೀಖು.

ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಎರಡು ಪುಟ ಬರೆದಿದ್ದೆ, ಹರಿದೆ. ನನಗೆ ತಲೆ ಬಾಚಿ, ಶಾಲೆಗೆ ಕಳಿಸಿ, ಸಾಕಿದವಳು ನೀನು. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ಅಪ್ಪ ನೆನೆದಿದ್ದರು ಎಂದು ಗೊತ್ತಿದ್ದರೆ ನಾನು ಇಷ್ಟು ಒಂಟಿಯಾಗಿ ಬೆಳೆಯುತ್ತಿರಲಿಲ್ಲ ಎಂದು ಬರೆಯಲು ಹೊರಟೆ. ಆಮೇಲೆ ಅನ್ನಿಸಿತು, ಅವರು ನೆನೆದದ್ದು ನಿನ್ನನ್ನಲ್ಲವೇ. ನನ್ನದೇನಿದೆ ಅದರಲ್ಲಿ?

ಹೇಳಿಬಿಡು ಅನ್ನುತ್ತೀಯ. ಮೂರು ಸಲ ಬಾಯಿ ತೆರೆದೆ. ಮೂರನೆಯ ಸಲ ಅವರೇ ಮೊದಲು ಮಾತಾಡಿದರು. ಇದು ನನಗೆ ಹೇಳಿದ್ದಲ್ಲ, ನಿನ್ನದು. ಒಂದಕ್ಷರ ಬಿಡದೆ ಕಳಿಸುತ್ತಿದ್ದೇನೆ:

"ನೀನು ಬರಬೇಡ ಅಂದೆ, ನಾನು ಬರಲಿಲ್ಲ. ಮಗು ಏನೋ ಸಿಟ್ಟಲ್ಲಿ ಅಂದ್ರೆ ಅಪ್ಪ ಆದವನು ಕೇಳ್ತಾನಾ? ಬಂದು ಬಾಗಿಲ ಮುಂದೆ ಕೂರಬೇಕಿತ್ತು. ನಿನ್ನ ಮಾತು ಕೇಳಿದ್ದೇ ನನ್ನ ತಪ್ಪು. ನಿಜ ಹೇಳ್ಬೇಕು ಅಂದ್ರೆ, ನೀನು ಬೇಡ ಅಂದಾಗ ಒಳಗೊಳಗೇ ಹಗುರ ಆಯ್ತು. ಮುಖ ತೋರಿಸೋ ಧೈರ್ಯ ಇರಲಿಲ್ಲ ನಂಗೆ."

ಇದನ್ನು ನೆಲಕ್ಕೆ ಹೇಳಿದರು. ನನ್ನ ಶೂಗಳಿಗೆ ಹೇಳಿದರು. ಆಮೇಲೆ, "ಆದ್ರೂ ಬಂದ್ಯಲ್ಲ. ಸಾಕು" ಅಂದರು.

ಇದಾದ ಮೇಲೆ ನಾನು ಅವಳಲ್ಲ ಎಂದು ಹೇಗೆ ಹೇಳಲಿ? ಹೇಳುವುದಿಲ್ಲ. ಹೊರಡುವವರೆಗೂ ನೀನಾಗಿಯೇ ಇದ್ದು ಬರುತ್ತೇನೆ. ನಾಡಿದ್ದು ತಲೆ ಎತ್ತುತ್ತಾರೆ. ನೀನು ಹನ್ನೆರಡು ವರ್ಷದವಳಿದ್ದಾಗ ನೋಡಿದ್ದು. ಹೇಗೆ ಬೆಳೆದಿರುತ್ತೀಯೆಂದು ಅವರಿಗೇನು ಗೊತ್ತು. ಒಂದೇ ಯೋಚನೆ, ನಿನಗಿಂತ ಒಂಬತ್ತು ವರ್ಷ ಚಿಕ್ಕವಳು ನಾನು. ಹಣೆಯ ಮೇಲೆ ನಿನ್ನ ಹಾಗೆ ಗಂಟು ಹಾಕಿಕೊಂಡು ನಿಲ್ಲುತ್ತೇನೆ.

ನಲ್ಲಿಯನ್ನು ಪೂರ್ತಿ ಬಿಚ್ಚಿ, ಆಮೇಲೆ ಒಂದೇ ಏಟಿಗೆ ಮುಚ್ಚಬೇಕು. ಅಷ್ಟೇ ಉಪಾಯ.

ಚಿಕ್ಕಿ


೨೫ ಮಾರ್ಚ್

ಅಕ್ಕ,

ನಿನ್ನೆ ಆಸ್ಪತ್ರೆಯಲ್ಲಿ ತಲೆ ಎತ್ತಲು ಹೇಳಿದರು. ಪದರ ಕೂಡಿಕೊಂಡಿದೆ. ಗುಳ್ಳೆ ಇನ್ನೂ ಪೂರ್ತಿ ಕರಗಿಲ್ಲ. ನೋಟದ ಮೇಲರ್ಧ ತಿಳಿಯಾಗಿದೆ, ಕೆಳಗರ್ಧ ತುಂಬಿದ ಲೋಟದ ಹಾಗೆ ತುಳುಕುತ್ತದಂತೆ. ಅಂದರೆ ಅವರಿಗೆ ಕಂಡದ್ದು ನನ್ನ ಹಣೆ, ಕಣ್ಣು. "ನಿಮ್ಮಮ್ಮನ ಕಣ್ಣೇ" ಅಂದರು. ಹಣೆಯ ಗಂಟು ಕೆಲಸ ಮಾಡಿತು ಅಂದುಕೊಂಡೆ.

ಮನೆಗೆ ಬಂದವರೇ ನೆಟ್ಟಗೆ ಅಂಗಡಿಗೆ ಇಳಿದರು. ಮೂರು ವಾರದಿಂದ ಕೆಲಸವಿಲ್ಲದೆ ಕೈ ತುರಿಸುತ್ತಿತ್ತಂತೆ. "ನಿನ್ನ ಹಿಮ್ಮಡಿ ಒಂದು ಕಡೆ ಸವೆದಿದೆ, ಮೂರು ವಾರದಿಂದ ಅದನ್ನೇ ನೋಡ್ತಾ ಇದೀನಿ. ಕೊಡು, ಸರಿ ಮಾಡ್ತೀನಿ" ಅಂದರು. ನಾನು ಖುಷಿಯಲ್ಲಿ ಬಿಚ್ಚಿ ಕೊಟ್ಟೆ.

ಹತ್ತಿ ತೆಗೆಯುವುದನ್ನು ಮರೆತೆ.

ಅವರು ಶೂವಿನೊಳಗೆ ಕೈ ಹಾಕಿ ಒತ್ತಿ ನೋಡಿದರು. ಬೆರಳ ತುದಿಯಲ್ಲಿ ಆ ಮುದ್ದೆಯನ್ನು ಈಚೆಗೆ ತೆಗೆದರು. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಆಮೇಲೆ ನನ್ನ ಬರಿಗಾಲನ್ನು ನೋಡಲು ಯತ್ನಿಸಿದರು, ಗುಳ್ಳೆ ಅಡ್ಡ ಬಂತು. ಬಗ್ಗಿ, ಬಲಗಾಲಿನ ಕಿರುಬೆರಳನ್ನು ಮುಟ್ಟಿ ನೋಡಿದರು.

"ಅವಳು ಬರಲಿಲ್ವಾ?"

"ಇಲ್ಲ, ಅಪ್ಪ."

ಅವರ ಮುಖ ಇಳಿದುಹೋಯಿತು. ನಿನ್ನಿಂದ ಮುಚ್ಚಿಡುವುದೇನು, ಅದನ್ನು ನೋಡಿ ನನ್ನ ಎದೆ ಒಡೆಯಿತು. ಇಪ್ಪತ್ತೊಂದು ದಿನ ಚಹಾ ಕೊಟ್ಟವಳು, ಕೈ ಹಿಡಿದು ನಡೆಸಿದವಳು ಎದುರಿಗೇ ನಿಂತಿದ್ದೆ. ಅವರು ಬಾರದವಳಿಗಾಗಿ ಅತ್ತರು.

ಶೂವನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದರು, "ಇವನ್ನೆಲ್ಲ ಅವಳು ಹಾಕಲೇ ಇಲ್ವಾ?"

"ಎಲ್ಲಾ ನಾನೇ ಹಾಕಿದ್ದು. ಹನ್ನೆರಡು ಜೊತೇನೂ. ಸವೆದು ಹರಿಯೋವರೆಗೂ."

"ಹತ್ತಿ ತುರುಕ್ಕೊಂಡಾ?"

"ಎಲ್ಲಾ ಶೂನೂ ಹಾಗೇ ಇರುತ್ತೆ ಅನ್ಕೊಂಡಿದ್ದೆ."

ಅವರು ನಕ್ಕರೋ ಬಿಕ್ಕಿದರೋ ತಿಳಿಯಲಿಲ್ಲ. "ಅವಳ ಅಳತೆ ತಗೊಂಡಾಗ ನೀನು ನಿದ್ದೆ ಮಾಡ್ತಿದ್ದೆ. ಕಾಲು ಹಿಡಿದ್ರೆ ಎದ್ದು ಅಳ್ತೀಯ ಅಂತ ಅಳತೆ ತಗೊಳ್ಳಲಿಲ್ಲ. ಬಂದ ಮೇಲೆ ತಗೊಂಡ್ರಾಯ್ತು ಅನ್ಕೊಂಡೆ" ಅಂದರು. ಆಮೇಲೆ ಸ್ಟೂಲು ಎಳೆದು, ನೆಲದ ಮೇಲೆ ಹೊಸ ಕಾಗದ ಹಾಸಿದರು. "ಕೂತ್ಕೋ ಚಿಕ್ಕಿ. ಕಾಲಿಡು."

ಮೂರು ವಾರ ತಗ್ಗಿಸಿದ್ದ ತಲೆಯನ್ನು ಎತ್ತಿ ಎರಡು ಗಂಟೆಯೂ ಆಗಿರಲಿಲ್ಲ. ಮತ್ತೆ ತಗ್ಗಿಸಿದರು. ಎಡಗೈಯಲ್ಲಿ ನನ್ನ ಪಾದ ತಡವಿಕೊಂಡು, ಬಲಗೈಯಲ್ಲಿ ಪೆನ್ಸಿಲು ಒತ್ತಿ ಸುತ್ತಲೂ ಗೆರೆ ಎಳೆದರು.

ಏಪ್ರಿಲ್ ಹನ್ನೆರಡಕ್ಕೆ ಹೊರಡುತ್ತೇನೆ. ಅಷ್ಟರಲ್ಲಿ ನನ್ನ ಜೊತೆ ಸಿದ್ಧವಾಗುತ್ತದಂತೆ. ಗುಳ್ಳೆ ಕರಗುವವರೆಗೆ ಅವರು ವಿಮಾನ ಹತ್ತುವ ಹಾಗಿಲ್ಲ, ಆಮೇಲೂ ಹತ್ತುತ್ತಾರೆ ಎಂದು ನಾನು ಹೇಳಲಾರೆ. ನಿನ್ನ ಅಳತೆಯ ಕಾಗದವನ್ನು ಮತ್ತೆ ಡಬ್ಬಿಗೆ ಹಾಕುವಾಗ, "ಇದೆಲ್ಲಾ ಅಂದಾಜು. ಈಗ ಅವಳ ಕಾಲು ಹೇಗಿದೆಯೋ" ಅಂದರು. ನನಗೆ ಕೇಳಲೆಂದು ಅಂದದ್ದಲ್ಲ. ನನಗೆ ಕೇಳಿಸಿತು.

ಚಿಕ್ಕಿ


೧ ಏಪ್ರಿಲ್

ಚಿಕ್ಕಿ,

ಕೈಬರಹ ನೋಡಿ ಗಾಬರಿಯಾಗಬೇಡ. ಯಂತ್ರಗಳಿಗೆಲ್ಲ ಮುಸುಕು ಹಾಕಿಯಾಗಿದೆ.

ನಲ್ಲಿ ನಿಂತಿತು. ಬಚ್ಚಲಲ್ಲಿ ಸದ್ದೇ ಇಲ್ಲ. ಸೋರುತ್ತಿದ್ದಾಗ ಬೈಯುತ್ತಿದ್ದೆ, ಈಗ ಮನೆ ಬಿಕೋ ಅನ್ನುತ್ತದೆ.

ನೀನು ಕಳಿಸಿದ ಅವರ ಮಾತನ್ನು ಎಷ್ಟು ಸಲ ಓದಿದೆ ಎಂದು ಕೇಳಬೇಡ. ಹಗುರವಾಯಿತು ಎಂದದ್ದನ್ನು ಓದಿ ಮೊದಲು ಮೈಯೆಲ್ಲ ಉರಿಯಿತು. ಆಮೇಲೆ, ಅದೊಂದನ್ನಾದರೂ ನಿಜ ಹೇಳಿದರಲ್ಲ ಅನ್ನಿಸಿತು. ಕ್ಷಮಿಸಿದ್ದೇನೆ ಎಂದು ಅವರಿಗೆ ಹೇಳಬೇಡ. ಇಲ್ಲ ಎಂದೂ ಹೇಳಬೇಡ. ನನಗೇ ಗೊತ್ತಿಲ್ಲ.

ನಿನ್ನದು ಮಾತ್ರ ಗೊತ್ತು. ನಿನಗೆ ನಾನು ಅಪ್ಪನನ್ನು ಕೊಡಲಿಲ್ಲ, ಶೂ ಮಾತ್ರ ಕೊಟ್ಟೆ. ಬಂದ ಮೇಲೆ ಎರಡು ದಿನ ಮಾತು ಬಿಡು, ಬೈ, ಏನು ಬೇಕಾದರೂ ಮಾಡು. ಈ ಸಲ ಬಸ್ಸಿನವರೆಗೆ ಬರುತ್ತೇನೆ.

ಜೊತೆಗಿರುವ ಕಾಗದ ನಿನಗಲ್ಲ, ಅವರ ಕೈಗೆ ಕೊಡು. ಟೈಪಿಂಗ್ ಕೋಣೆಯ ನೆಲದಲ್ಲಿ ಹಾಸಿಕೊಂಡು ನಾನೇ ಎಳೆದುಕೊಂಡೆ. ಒಬ್ಬರೇ ಎಳೆದುಕೊಳ್ಳುವುದು ಸುಲಭವಲ್ಲ. ಬಗ್ಗಿದರೆ ಭಾರವೆಲ್ಲ ಒಂದೇ ಕಾಲಿಗೆ ಬೀಳುತ್ತದೆ, ಹಿಮ್ಮಡಿ ಕಾಣುವುದೇ ಇಲ್ಲ. ಅಲ್ಲಿ ಗೆರೆ ಡೊಂಕಾಗಿದೆ, ಅವರೇ ನೋಡಿ ಸರಿಮಾಡಿಕೊಳ್ಳಲಿ. ಕಿರುಬೆರಳಿನ ಗಂಟು ಇನ್ನೂ ಇದೆ. ನೋವೂ ಇದೆ ಎಂದು ಬೇಕಾದರೆ ಹೇಳು.

ಆವತ್ತು ಅವರು ಅಳತೆ ತೆಗೆದಾಗ, ಪೆನ್ಸಿಲು ಒಳಪಾದದ ಹತ್ತಿರ ಬಂದ ಕೂಡಲೇ ಕಚಗುಳಿಯಾಗಿ ಬಿದ್ದು ಬಿದ್ದು ನಕ್ಕಿದ್ದೆ. ಅಮ್ಮ ಒಳಗಿನಿಂದ ಏನು ಗಲಾಟೆ ಎಂದು ಗದರಿದ್ದಳು. ನಿನ್ನೆ ಆ ಜಾಗಕ್ಕೆ ಪೆನ್ಸಿಲು ಬಂದಾಗ ಒಂದು ಕ್ಷಣ ಕಾದೆ. ಏನೂ ಆಗಲಿಲ್ಲ. ನಮ್ಮ ಕೈಯಿಂದ ನಮಗೆ ಕಚಗುಳಿ ಆಗುವುದಿಲ್ಲ, ಚಿಕ್ಕಿ.

ಅಕ್ಕ